ಖುದ್ದು ಹಾಜರಾಗತಕ್ಕದ್ದು

ನನಗೆ ವಾಸನೆ ತಿಳಿಯುವುದಿಲ್ಲ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ, ಮಲ್ಲಿಗೆ ಮುಡಿದರೂ ಗೊತ್ತಾಗುವುದಿಲ್ಲ. ಗ್ಯಾಸ್ ಒಲೆಯ ಮುಂದೆ ಒಬ್ಬಳೇ ನಿಲ್ಲಬೇಡ ಎಂದು ನಮ್ಮ ಯಜಮಾನರು ಇವತ್ತಿಗೂ ಹೇಳುತ್ತಾರೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಹೀಗಾಗುತ್ತದಂತೆ. ಉಳಿದದ್ದೆಲ್ಲ ಬಹುಮಟ್ಟಿಗೆ ವಾಪಸ್ ಬಂದಿದೆ, ಅಥವಾ ಬಂದಷ್ಟರಲ್ಲಿ ಸಂಸಾರ ಮಾಡುವುದನ್ನು ಕಲಿತಿದ್ದೇನೆ. ಬಾರದೇ ಉಳಿದದ್ದು ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ನನ್ನ ಹೆಸರಿನ ಒಬ್ಬ ಹೆಂಗಸು ನನ್ನ ಸೀರೆ ಉಟ್ಟು, ನನ್ನ ಕುರ್ಚಿಯಲ್ಲಿ ಕೂತು, ನನ್ನ ಕೈಬರಹದಲ್ಲಿ ಏನೇನೋ ಬರೆದು ಹೋದಳು. ಅವಳ ಬಗ್ಗೆಯೇ ಈ ಬರಹ. ಇಂಥದ್ದೇ ಪೆಟ್ಟು ತಿಂದು ಮನೆಯಲ್ಲಿ ಕೂತವರಿಗೆ, ನನಗೊಬ್ಬಳಿಗೇ ಹೀಗೆ ಅನ್ನಿಸುತ್ತಿದ್ದರೆ, ಇನ್ನೊಬ್ಬಳು ಇದ್ದಾಳೆ ಎಂದು ತಿಳಿಯಲಿ.

ನಮ್ಮದು ಹೊಳೆನರಸೀಪುರ. ಇವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಮದುವೆಯ ಆಮಂತ್ರಣ ಪತ್ರಿಕೆ ಬಂದರೂ ಕೆಂಪು ಪೆನ್ನು ಹಿಡಿದು ಓದುವ ಪೈಕಿ. ನಾನು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಮಾಡುತ್ತಿದ್ದೆ. ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೆದುಳಿಗೆ, ಬೆನ್ನುಹುರಿಗೆ ಪೆಟ್ಟಾದವರ ಚಿಕಿತ್ಸೆಗೆ, ಆರೈಕೆಗೆ, ಗಾಲಿಕುರ್ಚಿಗೆ ಸರ್ಕಾರ ಕಂತುಕಂತಾಗಿ ಕೊಡುವ ನೆರವಿನ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ಕಾಗದದ ಮೇಲೆ ಆ ನೆರವಿಗೆ ಮಾರುದ್ದದ ಹೆಸರಿತ್ತು. ಕಚೇರಿಯಲ್ಲಿ ಮಾತ್ರ ಎಲ್ಲರೂ ಅದನ್ನು ‘ತಲೆ-ಬೆನ್ನು’ ಎನ್ನುತ್ತಿದ್ದರು. ‘ತಲೆ-ಬೆನ್ನು ಮೇಡಂ ಇದಾರಾ?’ ಎಂದು ಕೇಳಿಕೊಂಡು ಜನ ನನ್ನ ಬಳಿಗೆ ಬರುತ್ತಿದ್ದರು. ನನ್ನ ತಲೆಯೇ ಒಂದು ದಿನ ಆ ಕಡತದೊಳಗೆ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು.

ಅಪಘಾತ ಆದದ್ದು ಶಾಂತಿಗ್ರಾಮದ ಹತ್ತಿರ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟಿದ್ದ ಬಸ್ಸು ಕೆಟ್ಟು ನಿಂತಿತಂತೆ. ಇಳಿದವರಲ್ಲಿ ನಾನೂ ಒಬ್ಬಳಂತೆ. ದಾರಿಯಲ್ಲಿ ಬರುತ್ತಿದ್ದ ಒಬ್ಬರ ಸ್ಕೂಟರಿಗೆ ಕೈ ತೋರಿಸಿ ಹತ್ತಿದೆನಂತೆ. ಬಣ್ಣ ಬಳಿಯದ ರಸ್ತೆ ಉಬ್ಬು ಅವರಿಗೆ ಕಾಣಲಿಲ್ಲ, ನಾನು ಹಿಂದಕ್ಕೆ ಬಿದ್ದೆ. ಇಷ್ಟನ್ನೂ ಆ ಸ್ಕೂಟರಿನವರೇ ಆಸ್ಪತ್ರೆಯಲ್ಲಿ ಇವರಿಗೆ ಹೇಳಿ, ಕೈ ಮುಗಿದು, ಅತ್ತು ಹೋದರು.

ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವಾಗ ಶಾಂತಿಗ್ರಾಮ ಸಿಗುವುದಿಲ್ಲ. ಅದು ಬೇರೆಯೇ ದಿಕ್ಕು. ಆ ದಿನ ಬುತ್ತಿ ಕಟ್ಟಿಕೊಂಡು, ಕಚೇರಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟವಳು ಆ ರಸ್ತೆಗೆ ಹೇಗೆ ಹೋದೆ? ಇವರು ಕಚೇರಿಯಲ್ಲಿ ವಿಚಾರಿಸಿದಾಗ ನನ್ನ ರಜಾ ಅರ್ಜಿ ಸಿಕ್ಕಿತು. ‘ಸ್ವಂತ ಕೆಲಸದ ನಿಮಿತ್ತ ಒಂದು ದಿನ’ ಎಂದು ಬರೆದಿದ್ದೆ. ಏನು ಸ್ವಂತ ಕೆಲಸ? ನೆಂಟರು ನೋಡಲು ಬಂದಾಗ ಬಾಳೆಹಣ್ಣು ಮೇಜಿನ ಮೇಲಿಟ್ಟು, ಧ್ವನಿ ತಗ್ಗಿಸಿ, “ಸ್ಕೂಟರ್ ಯಾರದಂತೆ?” ಎಂದು ಕೇಳುತ್ತಿದ್ದರು. ಇವರು ನನ್ನನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ಅನುಮಾನ ಬರುವುದು ಎಂಥದ್ದೆಂದು ಆಗ ತಿಳಿಯಿತು.

ಬೆಂಗಳೂರಿನ ದೊಡ್ಡಾಸ್ಪತ್ರೆಯ ದಿನಗಳು ನನ್ನ ಪಾಲಿಗೆ ಚೂರುಚೂರು. ಬೋಳಿಸಿದ ತಲೆಯ ಮೇಲೆ ಫ್ಯಾನಿನ ಗಾಳಿ. ಹೆಸರು ಹೇಳಿ, ಊರು ಹೇಳಿ, ಈಗ ಯಾವ ತಿಂಗಳು ಹೇಳಿ ಎಂದು ಕೇಳುವ ಒಬ್ಬ ಹುಡುಗಿ ಡಾಕ್ಟರು. ತಿಂಗಳು ಪ್ರತಿ ಸಲವೂ ತಪ್ಪುತ್ತಿತ್ತು. ಆಮೇಲೆ ತಪಾಸಣೆಗೆಂದು ಹೋಗುತ್ತಿದ್ದಾಗ ಸರದಿಗೆ ಕಾಯುತ್ತಿದ್ದ ಕೊಠಡಿ ಚೆನ್ನಾಗಿ ನೆನಪಿದೆ. ಅಲ್ಲಿ ಎಲ್ಲರ ತಲೆಯ ಮೇಲೂ ಒಂದೊಂದು ಹೊಲಿಗೆಯ ಗೆರೆ. ಯಾರೂ ಯಾರನ್ನೂ ‘ಏನಾಯ್ತು’ ಎಂದು ಕೇಳುತ್ತಿರಲಿಲ್ಲ, ‘ಎಷ್ಟು ತಿಂಗಳಾಯ್ತು’ ಎಂದಷ್ಟೇ ಕೇಳುತ್ತಿದ್ದರು. ಒಂದು ಸಲ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸು ನನ್ನ ಸೆರಗು ಜಾರಿದ್ದನ್ನು ಸುಮ್ಮನೆ ಸರಿಮಾಡಿ, ಪಿನ್ನು ಹಾಕಿ, ತನ್ನ ಸರದಿ ಬಂತೆಂದು ಎದ್ದು ಹೋದರು. ಆ ಪಿನ್ನನ್ನು ಬಹಳ ದಿನ ತೆಗೆಯಲು ಮನಸ್ಸಾಗಲಿಲ್ಲ.

ಮನೆಗೆ ಕರೆತಂದ ಮೇಲೆ ನಿಜವಾದ ಭಯ ಶುರುವಾಯಿತು. ನನ್ನನ್ನು ಕರೆತಂದ ಮನೆ ನಮ್ಮದಾಗಿರಲಿಲ್ಲ. ಹಾಗೇ ಇತ್ತು. ಹೊಸ್ತಿಲು ಹಾಗೇ, ಮೂಲೆ ಒಡೆದ ಮೆಟ್ಟಿಲು ಹಾಗೇ, ದೇವರ ಗೂಡಿನ ಎಣ್ಣೆಜಿಡ್ಡು ಹಾಗೇ. ಯಾರೋ ಬಹಳ ಶ್ರದ್ಧೆಯಿಂದ ನಕಲು ಮಾಡಿದ್ದರು. ಕಿಟಕಿಯಿಂದ ನೋಡಿದರೆ ಬೀದಿಯೂ ನಕಲು, ಬೀದಿಯಲ್ಲಿ ಹೂ ಮಾರುವವನ ಕೂಗೂ ನಕಲು.

“ರೀ, ನಮ್ಮನೆಗೆ ಯಾವಾಗ ಹೋಗೋದು?” ಎಂದು ಕೇಳುತ್ತಿದ್ದೆ.

“ಇದೇ ಕಣೇ ನಮ್ಮನೆ.”

“ಹೌದು, ಹಾಗೇ ಇದೆ. ಆದರೆ ನಮ್ಮನೆಗೆ ಯಾವಾಗ ಹೋಗೋದು?”

ಇವರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಅತ್ತೆ ಒಂದು ದಿನ ಪಡಸಾಲೆಯಲ್ಲಿ ಮಗನಿಗೆ ಹೇಳಿದ್ದು ನನಗೂ ಕೇಳಿಸಿತು. “ಹೋಗಿದ್ದೋಳು ಬಂದಿದಾಳೆ ಕಣೋ. ಆದ್ರೆ ಪೂರ್ತಿ ಬಂದಿಲ್ಲ. ಇನ್ನೊಂದಿಷ್ಟು ದಾರೀಲಿದೆ, ಕಾಯೋಣ.” ಅವರಿಗೆ ನನ್ನ ಮೇಲೆ ಭಯವಿತ್ತು. ಭಯವಿಟ್ಟುಕೊಂಡೇ ತಲೆಗೆ ಎಣ್ಣೆ ಹಚ್ಚುತ್ತಿದ್ದರು.

ನನಗೆ ವಾಸನೆಯೇ ತಿಳಿಯುತ್ತಿಲ್ಲ ಎಂದು ಮೊದಲು ಕಂಡುಹಿಡಿದವರೂ ಅತ್ತೆಯೇ. ಆಮೇಲೆ ಅಡುಗೆಮನೆಯಿಂದ ಕೂಗಿ ಹೇಳಲು ಶುರು ಮಾಡಿದರು. “ಈಗ ಕೊತ್ತಂಬರಿ ಬೀಜ ಹುರೀತಿದೀನಿ ಕಣೇ.” “ಈಗ ಇಂಗು ಹಾಕ್ದೆ.” “ಕರ್ಪೂರ ಹಚ್ಚಿದೀನಿ.” ಪ್ರತಿ ಮನೆಗೂ ಅದರದ್ದೇ ವಾಸನೆ ಇರುತ್ತದಲ್ಲ, ಅದಿಲ್ಲದ್ದಕ್ಕೆ ಈ ಮನೆ ನನಗೆ ಸುಳ್ಳಾಗಿ ಕಂಡಿತೇನೋ. ಡಾಕ್ಟರು ಇದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅತ್ತೆ ಹೇಳುತ್ತಾ ಹೇಳುತ್ತಾ ಒಂದು ದಿನ ಆ ಮನೆಯೇ ನಮ್ಮ ಮನೆಯಾಯಿತು. ಯಾವ ದಿನ ಎಂದು ತಿಳಿಯದು. ‘ಯಾವಾಗ ಹೋಗೋದು’ ಎಂದು ನಾನು ಕೇಳುವುದನ್ನು ನಿಲ್ಲಿಸಿದೆನಂತೆ.

ಆದರೂ ಮಾತಿನ ನಡುವೆ ಪದ ತಪ್ಪಿಹೋಗುತ್ತಿತ್ತು, ಬೆಳಿಗ್ಗೆ ಮಾಡಿದ್ದು ಸಂಜೆಗೆ ಅಳಿಸಿಹೋಗುತ್ತಿತ್ತು. ನೆನಪನ್ನು, ಮಾತನ್ನು ಕೂರಿಸಿಕೊಂಡು ತಿದ್ದುವ ಕೇಂದ್ರವೊಂದು ಬೆಂಗಳೂರಿನಲ್ಲಿದೆ, ಮೂರು ತಿಂಗಳು ಅಲ್ಲೇ ಇರಬೇಕು, ತಡಮಾಡಿದಷ್ಟೂ ಕಷ್ಟ ಎಂದರು ಡಾಕ್ಟರು. ಇಲ್ಲದಿದ್ದರೆ ಕೆಲಸಕ್ಕೆ ಮರಳುವ ಮಾತೇ ಇರಲಿಲ್ಲ. ಅದರ ಖರ್ಚು ಮೇಷ್ಟರ ಸಂಬಳಕ್ಕೆ ಎಟುಕುವಂಥದ್ದಲ್ಲ. ಹಾಗಾಗಿ ಇವರು ನನ್ನ ಪರವಾಗಿ ನನ್ನದೇ ಶಾಖೆಗೆ, ತಲೆ-ಬೆನ್ನಿಗೆ, ಅರ್ಜಿ ಹಾಕಿದರು. ಜೊತೆಗೆ ಡಾಕ್ಟರ ಪ್ರಮಾಣಪತ್ರ. ಅಪಘಾತಕ್ಕೆ ಹಿಂದಿನ ನಾಲ್ಕು ತಿಂಗಳ ಯಾವ ಸಂಗತಿಯೂ ರೋಗಿಗೆ ನೆನಪಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಉತ್ತರ ಬಂತು. ನಾನು ಎಷ್ಟೋ ಮಂದಿಗೆ ಕಳಿಸಿದ್ದ ಅದೇ ಕಂದು ಲಕೋಟೆ. ‘ಪ್ರತಿ ಕಂತಿಗೂ ಮುನ್ನ ಖುದ್ದು ಹಾಜರಾಗಿ ಸ್ಥಿತಿಗತಿ ಖಚಿತಪಡಿಸತಕ್ಕದ್ದು’ ಎಂಬ ನಿಯಮದ ಪ್ರಕಾರ ಇಂಥ ದಿನ ಬರಬೇಕೆಂದು ಬರೆದಿದ್ದರು. ನನ್ನ ಜಾಗಕ್ಕೆ ಬಂದಿದ್ದ ಶಿವಲಿಂಗಪ್ಪನ ಸಹಿ. ಇಂಥ ನಿಯಮ ನಾನಿದ್ದಾಗ ಇರಲಿಲ್ಲ ಎಂದೆ ಇವರಿಗೆ.

ಆ ದಿನ ಕಚೇರಿಯ ಅಂಗಳದಲ್ಲಿ ಕಂಡದ್ದು ಮರೆಯುವಂಥದ್ದಲ್ಲ. ನನ್ನ ಮರೆವೂ ಅದನ್ನು ಪೂರ್ತಿ ಒರೆಸಿಲ್ಲ. ಬೇವಿನ ಮರದ ಕೆಳಗೆ ಮೂರು ನಾಲ್ಕು ಗಾಡಿಗಳು. ಒಂದರಲ್ಲಿ ಹಿಂದಿನ ಸೀಟು ಕಿತ್ತು ಹಾಸಿಗೆ ಹಾಸಿ ಯಾರನ್ನೋ ಮಲಗಿಸಿದ್ದರು, ಟವೆಲು ಸುತ್ತಿದ ಎರಡು ಪಾದ ಮಾತ್ರ ಕಾಣುತ್ತಿದ್ದವು. ಇನ್ನೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಬೀಳದಂತೆ ಎದೆಗೆ ಪಂಚೆ ಕಟ್ಟಿದ್ದರು. ಒಬ್ಬರೂ ಜೋರಾಗಿ ಮಾತಾಡುತ್ತಿರಲಿಲ್ಲ. ಕರೆದಾಗ ಇಬ್ಬರು ಮೂವರು ಸೇರಿ ಎತ್ತಿಕೊಂಡು ಹೋಗಿ, ಮೇಜಿನ ಮುಂದೆ ತೋರಿಸಿ, ಮತ್ತೆ ಎತ್ತಿಕೊಂಡು ಬರುತ್ತಿದ್ದರು. ನಾನು ಎಂದೂ ಕೂರದ ಬೆಂಚಿನ ಮೇಲೆ, ಕೌಂಟರಿನ ಈಚೆ ಕಡೆ ಕೂತೆ.

ನನ್ನ ಪಕ್ಕ ಕೂತಿದ್ದವರು ಅರಕಲಗೂಡು ಕಡೆಯ ಮಲ್ಲಿಪಟ್ಟಣದ ಕೆಂಪಮ್ಮ. ಆ ಟವೆಲು ಸುತ್ತಿದ ಪಾದ ಅವರ ಗಂಡ ವೀರಭದ್ರಣ್ಣನವು. ಆಲೂಗೆಡ್ಡೆ ಮೂಟೆ ಪೇರಿಸಿದ ಲಾರಿಯ ಮೇಲಿಂದ ಬಿದ್ದು ಕತ್ತಿನ ಮೂಳೆ ಮುರಿದು, ಕುತ್ತಿಗೆಯಿಂದ ಕೆಳಗೆ ಸ್ವಾಧೀನವೇ ಉಳಿದಿರಲಿಲ್ಲ. ಇದು ಅವರ ಎರಡನೇ ಬಾರಿ.

“ವಾದ್ ಸಲ ಬಂದು ವಾಪಸ್ ಓಗೋದ್ರೊಳಗೆ ಬೆನ್ನೆಲ್ಲ ತರಚ್ಕಂಡು ಗಾಯ ಆಗೋಯ್ತು ಕಣವ್ವ,” ಎಂದರು. “ಯಾವಳೋ ಮೇಡಂ ಬರುದ್ಬುಟ್ಟವ್ಳಂತೆ, ಮಲಗಿರೋ ಮನುಸುನ್ನ ಎತ್ಕಂಡು ಬನ್ನಿ ಅಂತ. ಅವ್ಳ ಕೈ ಸೇದೋಗ.”

ಆ ಮೇಡಂ ಯಾರೆಂದು ಯೋಚಿಸುತ್ತಿದ್ದೆ. ತಲೆ-ಬೆನ್ನಿನಲ್ಲಿ ನನ್ನ ಬಿಟ್ಟರೆ ಬೇರೆ ಹೆಂಗಸರೇ ಇರಲಿಲ್ಲ.

ಶಿವಲಿಂಗಪ್ಪ ಒಳ್ಳೆಯವನು. ನನ್ನನ್ನು ಕಂಡು ಎದ್ದು ನಿಂತ. “ನೀವು ಬಂದ್ರಲ್ಲ ಮೇಡಂ, ನಿಮ್ದು ಸಲೀಸು. ಈಗ್ಲೇ ಮಂಡಿಸ್ತೀನಿ,” ಎಂದ. ಈ ನಿಯಮ ಎಲ್ಲಿಂದ ಬಂತೆಂದು ಕೇಳಿದೆ. ಅವನು ನನ್ನ ಮುಖ ನೋಡಿದ, ಇವರ ಮುಖ ನೋಡಿದ. ಆಮೇಲೆ ಕಡತ ಬಿಚ್ಚಿ ನನ್ನ ಕಡೆ ತಿರುಗಿಸಿಟ್ಟ.

ನನ್ನ ಅಕ್ಷರ. ‘ತಕ್ಕದ್ದು’ ಎಂಬುದರ ಒತ್ತಕ್ಷರಕ್ಕೆ ನಾನು ಎಳೆಯುವ ಉದ್ದನೆಯ ಬಾಲ. ಕೆಳಗೆ ನನ್ನ ಚಿಕ್ಕ ಸಹಿ, ಅದರ ಕೆಳಗೆ ಆಗಿನ ಸಾಹೇಬರ ‘ಒಪ್ಪಿದೆ’. ದಿನಾಂಕ ನೋಡಿದರೆ ನಾನು ಬೀಳುವುದಕ್ಕೆ ಮೂರು ದಿನ ಮುಂಚೆ. ಆ ಹಾಳೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸತ್ತವರು ಬರೆದ ಕಾಗದ ಕೈಗೆ ಬಂದ ಹಾಗಾಯಿತು, ಆದರೆ ಸತ್ತವಳು ನಾನೇ, ಓದುತ್ತಿರುವವಳೂ ನಾನೇ. ಬೆರಳಿನ ತುದಿ ತಣ್ಣಗಾಗಿ ಜೋಮು ಹಿಡಿಯಿತು. ಕೆಂಪಮ್ಮನ ಮಾತು ಆಗಲೇ ಫಲಿಸಿದೆ ಅನ್ನಿಸಿತು.

ಆ ಹೆಂಗಸು ಯಾಕೆ ಹೀಗೆ ಬರೆದಳು? ಇಂಥ ಕಲ್ಲೆದೆ ನನ್ನೊಳಗೆ ಯಾವಾಗ ಬಂತು? ಮನೆಗೆ ಹೋಗುವ ಬಸ್ಸಿನಲ್ಲಿ ಕಣ್ಣೀರು ನಿಲ್ಲಲಿಲ್ಲ. ಇವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು, ಬಾಯಲ್ಲಿ ಆ ವಾಕ್ಯವನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಹಳೇಕೋಟೆ ದಾಟುವ ಹೊತ್ತಿಗೆ ತಟ್ಟನೆ ನನ್ನ ಕಡೆ ತಿರುಗಿದರು.

“ವತ್ಸಲಾ, ಇದಕ್ಕೆ ಕರ್ತೃಪದ ಎಲ್ಲಿದೆ?”

“ಅಂದ್ರೆ?”

“ಖುದ್ದು ಹಾಜರಾಗಿ ಖಚಿತಪಡಿಸತಕ್ಕದ್ದು. ಯಾರು? ಅರ್ಜಿದಾರನೋ, ಕಚೇರಿಯೋರೋ? ನೀನು ಕರ್ತೃವನ್ನೇ ಬರೆದಿಲ್ಲ. ಕಚೇರಿ ಕನ್ನಡ ಬರೆದೂ ಬರೆದೂ ಕೆಟ್ಟಿದೀಯ.”

ನಾನು ಅಳು ನಿಲ್ಲಿಸಿದೆ. ಖಚಿತಪಡಿಸುವುದು ಕಚೇರಿಯ ಕೆಲಸ. ಹಾಜರಾಗಬೇಕಾದವರು ಕಚೇರಿಯವರಾದ ನಾವು, ಅರ್ಜಿದಾರರ ಮನೆಗೆ. ಬರೆದವಳ ಮನಸ್ಸಿನಲ್ಲಿ ಅದೇ ಇದ್ದಿರಬಹುದು. ಬರೆದವಳು ಮೂರು ದಿನಕ್ಕೆ ಬಿದ್ದಳು, ಬಂದವನು ತನಗೆ ತಿಳಿದಂತೆ ಓದಿಕೊಂಡ, ಇಡೀ ಜಿಲ್ಲೆಯ ಮುರಿದ ಬೆನ್ನುಗಳನ್ನು ಹಾಸನಕ್ಕೆ ಕರೆಸಿದ. ಇರಬಹುದು. ಇರಬಹುದು ಎಂಬುದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಮುಂದಿನ ವಾರ ಹೊಸ ಸಾಹೇಬರ ಮುಂದೆ ಕೂತೆವು. ಅವರು ವಾಕ್ಯವನ್ನು ಎರಡು ಸಲ ಓದಿ ತಲೆದೂಗಿದರು. ‘ಒಪ್ಪಿದೆ’ ಎಂದು ಬರೆದಿದ್ದ ಹಳೆಯ ಸಾಹೇಬರಿಗೆ ಫೋನು ಹಚ್ಚಿ ಕೇಳಿದರು. ಅವರು ದೂರದೂರಿಗೆ ವರ್ಗವಾಗಿದ್ದರು. “ದಿನಕ್ಕೆ ಎಷ್ಟೋ ಕಡತ, ಯಾವುದಂತ ನೆನಪಿಟ್ಕೊಳ್ಳಲಿ” ಎಂದರಂತೆ. ಅವರಿಗೆ ಯಾವ ಡಾಕ್ಟರ ಪ್ರಮಾಣಪತ್ರವೂ ಬೇಕಾಗಲಿಲ್ಲ.

“ನೋಡಮ್ಮ,” ಎಂದರು ಹೊಸ ಸಾಹೇಬರು. “ಬರೆದೋರು ನೀವು. ‘ನಾನು ಹೀಗೆ ಉದ್ದೇಶಿಸಿ ಬರೆದೆ’ ಅಂತ ಹೇಳಿಕೆ ಕೊಡಿ, ತಿದ್ತೀನಿ. ಆದ್ರೆ ನೆನಪಿದೆ ಅಂದ್ರೆ ನಿಮ್ಮ ಪ್ರಮಾಣಪತ್ರ ಸುಳ್ಳಾಗುತ್ತೆ, ನಿಮ್ಮ ಅರ್ಜಿ ಬಿದ್ದುಹೋಗುತ್ತೆ. ನೆನಪಿಲ್ಲ ಅಂದ್ರೆ ವಾಕ್ಯ ಇದ್ದಂಗೇ ಇರುತ್ತೆ. ನಾನೇನು ಮಾಡ್ಲಿ?”

ಅವರು ಕೆಟ್ಟವರಲ್ಲ, ಅವರಿಗೂ ಮೇಲೊಬ್ಬರಿದ್ದರು. ವೀರಭದ್ರಣ್ಣನ ಮೂರನೇ ಸರದಿ ಒಂದೂವರೆ ತಿಂಗಳಿಗಿತ್ತು. ನನ್ನ ಮೂರು ತಿಂಗಳ ಚಿಕಿತ್ಸೆ ಒಂದು ಕಡೆ, ಆ ಮನುಷ್ಯನ ಬೆನ್ನು ಇನ್ನೊಂದು ಕಡೆ. ಸುಳ್ಳು ಹೇಳಿಕೆ ಕೊಟ್ಟುಬಿಡುತ್ತೇನೆ ಎಂದು ಇವರಿಗೆ ಹೇಳಿದೆ. ನಿಜಕ್ಕೂ ಹೇಳಿದೆನೋ, ಹೇಳಬೇಕೆಂದುಕೊಂಡೆನೋ, ಇವರು ಮಾತ್ರ ಹೇಳಿದೆ ಎನ್ನುತ್ತಾರೆ. ಮತ್ತು ನಾನು ಚಿಕಿತ್ಸೆಗೆ ಹೋಗಲು ಎಷ್ಟು ಆಸೆಪಟ್ಟಿದ್ದೆ ಎಂಬುದನ್ನೂ ಹೇಳಬೇಕು. ಕಳೆದುಹೋದ ನನ್ನನ್ನು ಯಾರಾದರೂ ಹುಡುಕಿಕೊಡಲಿ ಎಂದು ದಿನಾ ಬೇಡುತ್ತಿದ್ದೆ.

ದಾರಿ ತೋರಿಸಿದವನು ಶಿವಲಿಂಗಪ್ಪ. “ನೀವು ಬಿದ್ದ ದಿನ ನಿಮ್ಮ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕಡತ ಒಂದೇ ಮೇಡಂ, ಬಾಗೂರಿನ ಪುಟ್ಟಸ್ವಾಮೀದು. ತೆಂಗಿನ ಮರದಿಂದ ಬಿದ್ದೋನು,” ಎಂದ. ಬಾಗೂರು ಇರುವುದು ಚನ್ನರಾಯಪಟ್ಟಣದ ಆಚೆ. ಅಲ್ಲಿಂದ ಹಾಸನಕ್ಕೆ ಬರುವವರು ಶಾಂತಿಗ್ರಾಮದ ಮೇಲೇ ಬರಬೇಕು. ಇವರೂ ನಾನೂ ಮುಖ ಮುಖ ನೋಡಿಕೊಂಡೆವು.

ಮರುದಿನವೇ ಇಬ್ಬರೂ ಬಸ್ಸು ಹತ್ತಿದೆವು. ಬಾಗೂರಿನಲ್ಲಿ ಇಳಿದಾಗ ಊರು ನನಗೆ ಹೊಸದು. ಪುಟ್ಟಸ್ವಾಮಿಯ ಮನೆ ಎಲ್ಲಿ ಎಂದು ಕೇಳಲು ಇವರು ಒಂದು ಅಂಗಡಿಯ ಮುಂದೆ ನಿಂತರು. ಅವರು ತಿರುಗಿ ನೋಡುವಷ್ಟರಲ್ಲಿ ನಾನು ಎಡಕ್ಕೆ ತಿರುಗಿ ಸಂದಿಯಲ್ಲಿ ಅರ್ಧ ದಾರಿ ನಡೆದಿದ್ದೆ. ಯಾಕೆ ತಿರುಗಿದೆ ಎಂದು ಕೇಳಿದರೆ ಗೊತ್ತಿಲ್ಲ. ಕಾಲಿಗೆ ಗೊತ್ತಿತ್ತು.

ಜಗಲಿಯ ಕೆಳಗೆ ಮಲಗಿದ್ದ ಕಂದು ನಾಯಿ ಇವರನ್ನು ಕಂಡು ಬೊಗಳಿ ಹಾರಾಡಿತು. ನನ್ನ ಹತ್ತಿರ ಬಂದು ಬಾಲ ಆಡಿಸಿ ಕಾಲ ಬಳಿ ಕೂತಿತು. ಒಳಗಿಂದ ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ ಬಂದು, “ಬನ್ರವ್ವ, ಬನ್ನಿ. ಬತ್ತೀನಿ ಅಂದಿದ್ರಿ, ಇಷ್ಟು ದಿನಾ ಮಾಡ್ಬುಟ್ರಿ,” ಎಂದರು. ನಾನು ಅವರ ಮುಖವನ್ನು ಎಂದೂ ಕಂಡಿರಲಿಲ್ಲ.

ಪುಟ್ಟಸ್ವಾಮಿ ನಡುಮನೆಯಲ್ಲಿ ಮಂಚದ ಮೇಲಿದ್ದ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ತೊಲೆಗೆ ಕಟ್ಟಿ ಇಳಿಬಿಟ್ಟ ಹಗ್ಗ ಹಿಡಿದು ತಾನೇ ಎದ್ದು ಕೂತ. ಮಾತು ಶುರು ಮಾಡಬೇಕಲ್ಲ ಎಂದು, “ಈ ಹಗ್ಗ ಯಾರು ಕಟ್ಟಿದ್ದು?” ಎಂದೆ.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು.

“ಅವತ್ತೂ ಮೊದ್ಲು ಅದ್ನೇ ಕೇಳಿದ್ರಿ ಕಣವ್ವ,” ಎಂದ ಪುಟ್ಟಸ್ವಾಮಿ.

ಕಂಬಕ್ಕೆ ಒರಗಿ ಕೂತೆ. ಅವತ್ತೂ ಅಲ್ಲೇ ಕೂತಿದ್ದೆನಂತೆ. ಕಾಫಿ ಬೇಡ, ಮಜ್ಜಿಗೆ ಇದ್ದರೆ ಕೊಡಿ ಎಂದೆ. ಜಯಮ್ಮ ಮಜ್ಜಿಗೆಯ ಲೋಟವನ್ನು ಆಗಲೇ ಕೈಯಲ್ಲಿ ಹಿಡಿದಿದ್ದರು. ನಾನು ಒಂದು ಮಾತು ಆಡಿದರೆ ಅದರ ಮುಂದಿನದು ಅವರಿಗೆ ಗೊತ್ತಿತ್ತು. ಯಾರೋ ನನಗಿಂತ ಮುಂಚೆ ಬಂದು ನನ್ನ ಮಾತನ್ನೆಲ್ಲ ಆಡಿ ಹೋಗಿದ್ದಳು, ನಾನು ಅವಳ ಹಿಂದೆ ಹಿಂದೆ ನಡೆಯುತ್ತಿದ್ದೆ. ಭಯವಾಯಿತು, ನಿಜ. ಆದರೆ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳ ಮೇಲೆ ನನಗೆ ಪ್ರೀತಿಯೂ ಬಂತು.

ನನಗಾದದ್ದನ್ನು ಇವರು ಅವರಿಗೆ ಹೇಳಿದರು. ಜಯಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು. “ನಮ್ಮನೆಗೆ ಬಂದು ಓಗುವಾಗ್ಲೇ ಆಗಿದ್ದಾ?” ಎಂದಷ್ಟೇ ಕೇಳಿದರು.

ಆ ದಿನ ನಾನು ಏನೇನು ಹೇಳಿದೆ ಎಂದು ಕೇಳಿದೆ. ಪುಟ್ಟಸ್ವಾಮಿ ಹಗ್ಗ ಹಿಡಿದುಕೊಂಡೇ ಹೇಳಿದ. “ಆಫೀಸ್ನೋರು ಗಾಡಿ ಕೊಡಲ್ಲ ಅಂದ್ರು, ಅದ್ಕೇ ರಜಾ ಹಾಕಿ ಬಸ್ಸಲ್ಲಿ ಬಂದೆ ಅಂದ್ರಿ. ಇನ್ಮೇಲೆ ಯಾರೂ ಹಾಸನಕ್ಕೆ ಬರೋದ್ ಬ್ಯಾಡ, ಪ್ರತಿ ಸಲ ನಾವೇ ಮನೆ ತಾವ ಬತ್ತೀವಿ, ಅಂಗಂತ ಬರ್ದು ಒಪ್ಪಿಗೆ ತಗಂಡಿದೀನಿ, ಮೊದಲ್ನೇದು ನಿಮ್ ಮನೆ ಅಂದ್ರಿ. ಒಂದು ಕಾಗದದ ಮೇಲೆ ನನ್ ಸಹಿ ತಗಂಡ್ರಿ.” ಆ ಕಾಗದ ಇದ್ದ ಚೀಲ ಶಾಂತಿಗ್ರಾಮದ ರಸ್ತೆಯಲ್ಲಿ ಎಲ್ಲಿ ಹೋಯಿತೋ.

ಇವರು ಆಚೆ ಹೋಗಿ ಜಗಲಿಯ ಮೇಲೆ ಒಂದಷ್ಟು ಹೊತ್ತು ಒಬ್ಬರೇ ಕೂತಿದ್ದರು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಒಂದು ಸಲವೂ ಕೇಳದೆ ಇದ್ದ ಪ್ರಶ್ನೆಯನ್ನು ಎಷ್ಟು ದಿನ ಹೊತ್ತುಕೊಂಡಿದ್ದರೋ.

ಹೊರಡುವಾಗ ಪುಟ್ಟಸ್ವಾಮಿ, “ಬೇಜಾರ್ ಮಾಡ್ಕಬೇಡಿ. ನಿಮ್ ನೆಪ್ಪು ನನ್ ತಾವ ಐತೆ, ಬೇಕಾದಾಗ ಬಂದು ಈಸ್ಕಳಿ,” ಎಂದ. ಇದನ್ನಾದರೂ ಅವತ್ತು ಹೇಳಿರಲಿಲ್ಲವಷ್ಟೇ ಎಂದು ಕೇಳಿದೆ. ಇಲ್ಲ, ಇದು ಹೊಸದು ಎಂದು ನಕ್ಕ.

ನಾನು ನೆನಪಿದೆ ಎನ್ನಬೇಕಾಗಿರಲಿಲ್ಲ. ಪುಟ್ಟಸ್ವಾಮಿಗೆ ನೆನಪಿತ್ತು. ಸಾಹೇಬರೂ ಒಪ್ಪಿದರು, ಆದರೆ ಹೇಳಿಕೆಯನ್ನು ಕಚೇರಿಯವರ ಎದುರಿಗೇ ಕೊಡಬೇಕು ಎಂದರು. ಹಾಗೆಂದವರು ತಾವು ಅಂದದ್ದನ್ನು ತಾವೇ ಕೇಳಿಸಿಕೊಂಡರು. ಆಮೇಲೆ, “ಶಿವಲಿಂಗಪ್ಪ, ನೀನೇ ಬಾಗೂರಿಗೆ ಹೋಗಿ ಬರ್ಕೊಂಡು ಬಾ,” ಎಂದರು. ಅವನು ಹೋಗಿ ಬಂದ. “ನಾನೇ ಹೋದೆ ಅಂದ್ಮೇಲೆ ಮುಗೀತಲ್ಲ ಮೇಡಂ. ಹೋಗೋದು ಅಂಥ ಕಷ್ಟ ಏನಲ್ಲ,” ಎಂದ. ಕಡತ ಮೇಲಿನ ಕಚೇರಿಗೆ ಹೋಗಿ, ಅಲ್ಲಿ ಮಲಗಿ, ಎದ್ದು ತಿದ್ದುಪಡಿ ಬರುವುದಕ್ಕೆ ಐದು ವಾರ ಹಿಡಿಯಿತು. ಹೊಸ ವಾಕ್ಯವನ್ನು ಇವರೇ ಬರೆದುಕೊಟ್ಟರು. ‘ಕಚೇರಿಯ ನೌಕರರು ಅರ್ಜಿದಾರರ ಮನೆಗೆ ಖುದ್ದು ಹಾಜರಾಗಿ’ ಎಂದು ಶುರುವಾಗುತ್ತಿತ್ತು. ನನ್ನ ಅರ್ಜಿಯೂ ಅದೇ ವಾರ ಮಂಜೂರಾಯಿತು.

ಬೆಂಗಳೂರಿಗೆ ಹೊರಡುವ ಮೊದಲು ಒಂದು ಕೆಲಸ ಉಳಿದಿತ್ತು. ಶಿವಲಿಂಗಪ್ಪ ಹೊಸ ನಿಯಮದಲ್ಲಿ ಮೊದಲು ಹೋಗುವುದು ಮಲ್ಲಿಪಟ್ಟಣಕ್ಕೆ ಎಂದಾಗ ನಾನೂ ಬರುತ್ತೇನೆ ಎಂದೆ. ಕೆಂಪಮ್ಮನಿಗೆ ಎದುರಿಗೆ ನಿಂತು ಹೇಳಬೇಕಾಗಿತ್ತು.

ಮನೆಯ ಮುಂದೆ ಮಂಚವನ್ನು ಗೋಡೆಗೆ ನಿಲ್ಲಿಸಿ ಒಣಗಲು ಬಿಟ್ಟಿದ್ದರು. ಅದನ್ನು ನೋಡಿಯೇ ಶಿವಲಿಂಗಪ್ಪ ಕೈಯಲ್ಲಿದ್ದ ಕಡತವನ್ನು ಚೀಲಕ್ಕೆ ಹಾಕಿಕೊಂಡ. ವೀರಭದ್ರಣ್ಣ ಹೋಗಿ ಹದಿನೈದು ದಿನ ಆಗಿತ್ತು. ಹಾಸನಕ್ಕೆ ಬಂದಾಗಿನ ಬೆನ್ನಿನ ಗಾಯ ಕೀವಾಗಿ, ಜ್ವರ ಬಂದು, ಎದೆಗೆ ಕಫ ಕಟ್ಟಿ ಹೋದರಂತೆ. ಒಳಗೆ ವಿಭೂತಿ ಹಚ್ಚಿದ ಫೋಟೋ. ಜೀವಂತ ಮುಖವನ್ನು ನಾನು ನೋಡಿದ್ದೇ ಇಲ್ಲ ಎಂದುಕೊಂಡೆ.

ಕೆಂಪಮ್ಮನಿಗೆ ಎಲ್ಲ ಹೇಳಿದೆ. ಬೆಂಚಿನ ಮೇಲೆ ಅವರು ಬೈದದ್ದು ನನ್ನನ್ನೇ ಎಂದೆ. ಬರೆದದ್ದು ಬೇರೆ ಅರ್ಥದಲ್ಲಿ, ಆದರೆ ಬರೆದ ಕೈ ನನ್ನದೇ ಎಂದೆ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು. ಬೈಯಲಿಲ್ಲ, ಹೋಗಲಿ ಬಿಡಿ ಎನ್ನಲೂ ಇಲ್ಲ. ಆಮೇಲೆ ತಲೆಯೆತ್ತಿ ಅವರು ಕೇಳಿದ್ದು ಬೇರೆಯೇ.

“ನಾನು ಕೌಂಟರ್ ತಾವ ಓದಾಗ ನೀವು ಗಾಡಿ ಒಳಕ್ಕೆ ಹತ್ತಿ ಅವ್ರ ಪಕ್ಕ ಕುಂತಿದ್ರಂತೆ. ಡ್ರೈವರ್ ಯೋಳ್ದ. ಬಾಳ ವತ್ತು ಮಾತಾಡ್ತಿದ್ರಂತೆ ಇಬ್ರೂವೆ. ಏನಂದ್ರು ಅವ್ರು?”

ನಾನು ಗಾಡಿ ಹತ್ತಿದ್ದೆನೆ? ಇವರು ಆಗ ಒಳಗೆ ಸರದಿಯಲ್ಲಿ ನಿಂತಿದ್ದರೇನೋ. ಫೋಟೋ ಕಡೆ ನೋಡಿದೆ. ಆ ಮುಖ ನನಗೆ ಏನೂ ಹೇಳಲಿಲ್ಲ.

“ಅವತ್ತು ಮನೆಗೆ ಬಂದ್ಮೇಲೆ ನೆಮ್ಮದಿಯಾಗಿ ಉಂಡ್ರು,” ಎಂದರು ಕೆಂಪಮ್ಮ. “ಬಿದ್ದಾಗಿಂದ ಅಂಗೆ ಉಂಡಿದ್ದೇ ಇಲ್ಲ. ಯಾರೋ ಒಬ್ರು ಕುಂತು ಎಲ್ಲಾನೂ ಕೇಳಿದ್ರು ಕಣೇ ಅಂದ್ರು. ಏನು ಯೋಳಿದ್ರಿ ಅಂದ್ರೆ ನಂಗೆ ಯೋಳ್ಲಿಲ್ಲ. ನೀವು ಸಿಕ್ಕಿದ್ರೆ ಕೇಳಾನ ಅಂತಿದ್ದೆ.”

ಏನಾದರೂ ಹೇಳಬಹುದಿತ್ತು. ನಿಮ್ಮ ಬಗ್ಗೆಯೇ ಮಾತಾಡಿದರು, ನಿಮಗೆ ಕೊಟ್ಟ ಕಷ್ಟಕ್ಕೆ ನೊಂದುಕೊಂಡರು ಎಂದು ಹೇಳಿದ್ದರೆ ಆ ಹೆಂಗಸು ಅದನ್ನು ಸಾಯುವ ತನಕ ಇಟ್ಟುಕೊಳ್ಳುತ್ತಿದ್ದರು. ಮಾತು ಬಾಯಿಯವರೆಗೆ ಬಂದಿತ್ತು. ಆಡಿದ ನೆನಪಿಲ್ಲದ ಮಾತುಗಳನ್ನು ನನ್ನವೆಂದು ನಂಬಿ ವರ್ಷವಿಡೀ ಬದುಕಿದವಳು ನಾನು, ಇನ್ನೊಬ್ಬರಿಗೆ ಅಂಥದ್ದನ್ನು ಕೊಡಲು ಆಗಲಿಲ್ಲ.

“ನೆನಪಿಲ್ಲ ಕಣಮ್ಮ,” ಎಂದೆ. “ಗಾಡಿ ಹತ್ತಿದ್ದೂ ನೆನಪಿಲ್ಲ.”

ಅವರು ಫೋಟೋದ ಮುಂದಿದ್ದ ದೀಪದ ಬತ್ತಿಯನ್ನು ಮೇಲಕ್ಕೆ ಎಳೆದರು.

“ನೆಪ್ಪಾದ್ರೆ ಬಂದು ಯೋಳ್ತೀರಾ?”

“ಬರ್ತೀನಿ.”

ಚಿಕಿತ್ಸೆ ಮುಗಿಸಿ ಬಂದೆ, ಕೆಲಸಕ್ಕೂ ಸೇರಿದೆ. ಎಷ್ಟೋ ಹೆಸರು, ಎಷ್ಟೋ ಮುಖ ಒಂದೊಂದಾಗಿ ಮರಳಿವೆ. ಆ ಗಾಡಿಯೊಳಗಿನ ಮಾತು ಬಂದಿಲ್ಲ. ಕೇಳಿಸಿಕೊಂಡಿದ್ದವಳು ನಾನೊಬ್ಬಳೇ. ವರ್ಷಕ್ಕೊಂದು ಸಲ ಮಲ್ಲಿಪಟ್ಟಣಕ್ಕೆ ಹೋಗುತ್ತೇನೆ. ಕೆಂಪಮ್ಮ ಬಾಗಿಲಲ್ಲೇ ನನ್ನ ಮುಖ ನೋಡುತ್ತಾರೆ, ಇನ್ನೂ ಇಲ್ಲ ಎಂದು ಹೇಳಿ ಬರುತ್ತೇನೆ.